ಫೋನ್ ಡಬ್ಬಿಯಲ್ಲಿ ಬೆವರಿದ ಅತ್ತೆ

ಕೊಟ್ಟೂರಿನ ನಮ್ಮ ಮನೆಯ ಪಡಸಾಲೆಯಲ್ಲಿ ಒಂದು ಎಸ್‌ಟಿಡಿ ಬೂತು ನಿಂತಿತ್ತು ಎಂದರೆ ಈಗಿನವರು ನಂಬುವುದಿಲ್ಲ. ಅದರೊಳಗೆ ನಮ್ಮತ್ತೆ ಕೆಂಪು ಬೆಳಕಿನಲ್ಲಿ ಕುಳಿತು ಬೆವರುತ್ತಿದ್ದರು ಎಂದರಂತೂ ನನ್ನ ಮಕ್ಕಳೇ, ಅವ್ವ ಮತ್ತೆ ಶುರುಮಾಡಿದಳು ಎಂದು ಎದ್ದು ಹೋಗುತ್ತಾರೆ. ಹೋಗಲಿ ಬಿಡಿ. ಕಂಡದ್ದನ್ನು ಹೇಳಲು ನನಗೇನು ದಾಕ್ಷಿಣ್ಯ.

ಬೂತು ನಮ್ಮ ಮನೆಯವರದು. ಬಸ್‌ಸ್ಟ್ಯಾಂಡ್ ಹತ್ತಿರ ಅವರ ರೇಡಿಯೋ ರಿಪೇರಿ ಅಂಗಡಿ, ಅದರ ಮೂಲೆಯಲ್ಲಿ ಈ ಫೋನಿನ ಡಬ್ಬಿ. ಒಂದು ಕಾಲದಲ್ಲಿ ಅದರ ಮುಂದೆ ಜನ ಸಾಲುಗಟ್ಟಿ ನಿಲ್ಲುತ್ತಿದ್ದರು. ಒಳಗೆ ಹೋದವರು ಬಾಗಿಲು ಹಾಕಿಕೊಂಡು ಗುಟ್ಟು ಮಾತಾಡುತ್ತಿದ್ದೇವೆ ಎಂದುಕೊಂಡು ಇಡೀ ಬೀದಿಗೆ ಕೇಳುವಂತೆ ಕೂಗುತ್ತಿದ್ದರು. ಆಮೇಲೆ ಎಲ್ಲರ ಜೇಬಿಗೂ ಮೊಬೈಲು ಬಂತು, ಬೂತಿನೊಳಗೆ ಪೊರಕೆ ಬಂತು. ಗಾಜಿನ ಬಾಗಿಲು, ಪ್ಲೈವುಡ್ ಗೋಡೆ, ನೆತ್ತಿಯ ಮೇಲೊಂದು ಪುಟ್ಟ ಫ್ಯಾನು, ಎಲ್ಲ ಗಟ್ಟಿಯಾಗಿಯೇ ಇದ್ದವು. ಗುಜರಿಗೆ ಹಾಕಿ ಎಂದರೆ ನಮ್ಮ ಮನೆಯವರು ಕೇಳಬೇಕಲ್ಲ. ಕೆಟ್ಟ ಸ್ವಿಚ್ಚನ್ನೂ ಎಸೆಯದ ಗಂಡಸು ಅವರು.

ಅದೇ ದಿನಗಳಲ್ಲಿ ಅತ್ತೆಯ ಎಡಭುಜ ಹಿಡಿದುಕೊಂಡಿತು. ಮೊದಲು ಸೆರಗು ಹೊದೆಯುವಾಗ ನೋವು, ಆಮೇಲೆ ತುರುಬು ಕಟ್ಟಲು ಆಗದು, ಕಡೆಗೆ ಕೈ ಎದೆಯ ಮಟ್ಟಕ್ಕೂ ಏಳದು. ಎಡಗೈ ತಾನೆ, ಉಣ್ಣುವ ಕೈ ಚೆನ್ನಾಗಿದೆಯಲ್ಲ ಎಂದು ಸಮಾಧಾನ ಹೇಳಿದವರಿದ್ದರು. ಅವರ ಬಾಯಿಗೆ ಸುಣ್ಣ ಸವರಬೇಕು ಅನಿಸುತ್ತಿತ್ತು ನನಗೆ. ನಮ್ಮದು ಲಿಂಗ ಕಟ್ಟುವ ಮನೆ, ಪೂಜೆಗೆ ಲಿಂಗ ಹಿಡಿಯುವುದು ಎಡ ಅಂಗೈಯಲ್ಲೇ. ದಿನಾ ಸ್ನಾನವಾದ ಮೇಲೆ ಅತ್ತೆ ಕೊರಳಿನ ಪುಟ್ಟ ಬೆಳ್ಳಿ ಡಬ್ಬಿ, ಅಂದರೆ ಕರಡಿಗೆಯಿಂದ ಲಿಂಗವನ್ನು ತೆಗೆದು, ಎಡ ಅಂಗೈಯಲ್ಲಿಟ್ಟು, ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದು, ರೆಪ್ಪೆ ಬಡಿಯದೆ ನೋಡುತ್ತ ಕೂರುತ್ತಿದ್ದರು. ಅವರ ದಿನ ಶುರುವಾಗುತ್ತಿದ್ದುದೇ ಅಲ್ಲಿಂದ. ಈಗ ಅಂಗೈ ತೊಡೆಯಿಂದ ಮೇಲೆ ಬರುತ್ತಿರಲಿಲ್ಲ. ಅವರೇ ಬೆನ್ನು ಬಗ್ಗಿಸಿ ತೊಡೆಯ ಕಡೆಗೆ ಕಣ್ಣು ಹಾಯಿಸುತ್ತಿದ್ದರು. ಸೊಂಟ ನೊಂದು ಅರ್ಧಕ್ಕೇ ಪೂಜೆ ಮುಗಿಸಿ ಏಳುತ್ತಿದ್ದರು.

"ಬಲಗೈಯಾಗ ಹಿಡ್ಕೊ ಬೇ ಯವ್ವಾ. ದೇವರಿಗೆ ಗೊತ್ತಾಗಂಗಿಲ್ಲೇನು ನಿನ್ನ ಕಷ್ಟ" ಎಂದರು ನಮ್ಮ ಮನೆಯವರು.

"ದೇವರಿಗೆ ಗೊತ್ತಾಗ್ತೈತಲೇ. ನನಗ ಸಮಾಧಾನ ಆಗಂಗಿಲ್ಲ" ಎಂದರು ಅತ್ತೆ. ಅಷ್ಟೇ. ಆ ದಿನ ಅವರು ಸರಿಯಾಗಿ ಉಣ್ಣಲಿಲ್ಲ. ಜೋರು ಬಾಯಿಯ ಹೆಂಗಸು ಸುಮ್ಮನಾದರೆ ಮನೆಯೇ ಬಿಕೋ ಅನ್ನುತ್ತದೆ.

ದಾವಣಗೆರೆಗೆ ಕರೆದುಕೊಂಡು ಹೋದೆವು. ಭುಜ ಬಿಗಿದುಕೊಂಡಿದೆ, ಇನ್‌ಫ್ರಾರೆಡ್ ಶಾಖ ಕೊಡಬೇಕು, ಬಿಸಿ ಇರುವಾಗಲೇ ಕೈ ಆಡಿಸಬೇಕು ಎಂದರು ಮೂಳೆ ಡಾಕ್ಟರು. ಅಲ್ಲಿ ಫಿಸಿಯೋಥೆರಪಿ ಮಾಡುವ ಡಾಕ್ಟರಮ್ಮ ಒಂದು ಕೆಂಪು ದೀಪದ ಮುಂದೆ ಅತ್ತೆಯನ್ನು ಕೂರಿಸಿ, ದಿನಾ ಹೀಗೆ ಮಾಡಬೇಕು ಎಂದು ತೋರಿಸಿದರು. ನಮ್ಮ ಮನೆಯವರು ಅತ್ತೆಯನ್ನು ನೋಡಲೇ ಇಲ್ಲ, ದೀಪವನ್ನೇ ನೋಡುತ್ತ ನಿಂತಿದ್ದರು. ಹರಪನಹಳ್ಳಿ ದಾಟುವ ಹೊತ್ತಿಗೆ ಬಸ್ಸಿನಲ್ಲೇ ಯೋಜನೆ ಸಿದ್ಧವಾಗಿತ್ತು. ಹೊರದೇಶಗಳಲ್ಲಿ ಜನ ಮನೆಯಲ್ಲೇ ಮರದ ಕೋಣೆ ಮಾಡಿಕೊಂಡು ಇಂಥದೇ ಶಾಖದಲ್ಲಿ ಕೂತು ಬೆವರುತ್ತಾರೆಂದು ಯಾವುದೋ ಪತ್ರಿಕೆಯಲ್ಲಿ ಓದಿದ್ದರಂತೆ.

"ಮರದ ಕೋಣಿ ನಮ್ಮ ಹತ್ರ ಐತಲ್ಲ" ಎಂದರು.

ವಾರದೊಳಗೆ ಬೂತು ಕೈಗಾಡಿಯ ಮೇಲೆ ಮನೆಗೆ ಬಂತು. ಒಳಗೆ ಕೆಂಪು ಬಲ್ಬುಗಳು, ಮುಟ್ಟಿದರೆ ಸುಡದಂತೆ ತಂತಿಯ ಜಾಳಿಗೆ, ಕೂರಲು ಸ್ಟೂಲು. ಫೋನು ಕಿತ್ತಿದ್ದರೂ ಅದನ್ನಿಡುವ ಹಲಗೆ ಹಾಗೇ ಇತ್ತು. ಎದುರುಮನೆಯ ಅಕ್ಕ ಬಂದು ಗಾಜಿಗೆ ಮೂಗು ಹಚ್ಚಿ ನೋಡಿ, "ಇದರಾಗ ಯಾರಿಗೆ ಫೋನ್ ಹಚ್ತೀರಿ" ಎಂದರು. "ಶಿವನಿಗೆ" ಎಂದೆ. ಅತ್ತೆಯೂ ಎಷ್ಟೋ ದಿನದ ಮೇಲೆ ನಕ್ಕರು.

ಈಗ ಬಾಣಂತನದ ಮಾತು ಹೇಳಬೇಕು. ನನಗೆ ತವರಿನಲ್ಲಿ ಅವ್ವ ಇರಲಿಲ್ಲವಾದ್ದರಿಂದ ನನ್ನ ಎರಡೂ ಬಾಣಂತನ ಮಾಡಿದ್ದು ಅತ್ತೆಯೇ. ತಲೆಗೆ ಬಿಗಿಯಾಗಿ ಬಟ್ಟೆ, ಕಿವಿಗೆ ಹತ್ತಿ, ಮೈತುಂಬ ಕಂಬಳಿ, ಮಂಚದ ಕೆಳಗೆ ಕೆಂಡ, ಅದರ ಮೇಲೆ ಓಮಿನ ಹೊಗೆ. ಬೇಸಿಗೆಯಲ್ಲಿ ಹಡೆದವಳನ್ನು ಹಾಗೆ ಬೇಯಿಸಿದ್ದರು. ಕಂಬಳಿ ಸ್ವಲ್ಪ ಸರಿಸಿದರೆ, "ಗಾಳಿ ಹೊಕ್ಕೀತು, ಹೊಚ್ಕೊ" ಎಂದು ಗದರುತ್ತಿದ್ದರು. ನಾನು ಮನಸ್ಸಿನಲ್ಲೇ ಹಲ್ಲು ಕಡಿಯುತ್ತಿದ್ದೆ. ಆದರೆ ಸುಳ್ಳು ಹೇಳಬಾರದು, ಹೆತ್ತವ್ವ ಇದ್ದಿದ್ದರೂ ಅಷ್ಟು ಜೋಪಾನ ಮಾಡುತ್ತಿರಲಿಲ್ಲ.

ಬೂತಿನೊಳಗೆ ಹೋಗುವ ಮೊದಲ ದಿನ ಅತ್ತೆ ಒಳಕೋಣೆಯಿಂದ ಬಂದದ್ದು ಹೇಗೆ ಅಂತೀರಿ? ತಲೆಗೆ ಬಟ್ಟೆ, ಕಿವಿಗೆ ಹತ್ತಿ, ಸೀರೆಯ ಮೇಲೆ ಕಂಬಳಿ. ಸಾಕ್ಷಾತ್ ಬಾಣಂತಿ.

"ಕಾವು ಮೈಯಾಗ ನಿಲ್ಲಬೇಕಂದ್ರ ಹೊಚ್ಕೊಬೇಕು. ಇಲ್ಲಂದ್ರ ಎಲ್ಲ ಹೊರಗ ಹೋಗ್ತೈತಿ" ಎಂದರು.

ಈ ಮಾತು ನಮಗೆಲ್ಲ ಸರಿ ಎಂದೇ ತೋರಿತು. ಜೊತೆಗೆ ಗಾಜಿನ ಬಾಗಿಲು, ಬಂದುಹೋಗುವವರು ನೋಡುತ್ತಾರೆ. ಮೈಮುಚ್ಚಿ ಕೂರುವುದೇ ಲಕ್ಷಣ. ನಾನಂತೂ ಖುಷಿಯಿಂದ ಕಂಬಳಿಯ ಅಂಚು ಸಿಗಿಸಿ, "ಅತ್ತೀ, ಗಾಳಿ ಹೊಕ್ಕೀತು, ಸರಿಯಾಗಿ ಹೊಚ್ಕೊರಿ" ಎಂದೆ. ಅವರು ಒಳಗಿನಿಂದ ಕಣ್ಣು ಕೆಕ್ಕರಿಸಿದರು.

"ಸೇಡು ತೀರಿಸ್ಕೊಳ್ಳಾಕತ್ತೀಯೇನ ಹುಡುಗಿ?"

"ಹೌದ್ರಿ. ಎರಡು ಬಾಣಂತನದ ಬಾಕಿ ಐತಿ."

ಬೆವರು ಧಾರಾಳವಾಗಿ ಬಂತು. ಅತ್ತೆಯ ಮುಖ ಹೊಳೆಯಿತು, ರಾತ್ರಿ ನಿದ್ದೆ ಹತ್ತಿತು, ಬಾಯಿಯೂ ಮೊದಲಿನಂತೆ ಜೋರಾಯಿತು. ಕರೆಂಟು ಹೋದಾಗ ಒಳಗಿಂದಲೇ ಇಲಾಖೆಯವರ ವಂಶವನ್ನೆಲ್ಲ ಹರಸುತ್ತಿದ್ದರು. ಎದುರುಮನೆಯ ಅಕ್ಕನೂ ಮಂಡಿನೋವು ಎಂದು ತಾನೂ ಒಂದು ಸರದಿ ಕೂತು ಹೋಗತೊಡಗಿದರು. ಎಲ್ಲ ಸರಿ, ಕೈ ಮಾತ್ರ ಏಳಲಿಲ್ಲ. ತಿಂಗಳು ಕಳೆದರೂ ಅಂಗೈ ತೊಡೆಯ ಮೇಲೇ. ಒಂದು ಬೆಳಿಗ್ಗೆ ಪೂಜೆಗೆ ಕೂತವರು ಕರಡಿಗೆಯನ್ನೇ ತೆರೆಯಲಿಲ್ಲ. "ಇವತ್ತು ಕೊರಳಾಗ ಇರ್ಲಿ ಬಿಡು" ಎಂದು ಎದ್ದುಬಿಟ್ಟರು. ನಾನು ಹಿತ್ತಲಿಗೆ ಹೋಗಿ ಕಣ್ಣೀರು ಹಾಕಿದೆ.

ಮತ್ತೆ ದಾವಣಗೆರೆ. ಡಾಕ್ಟರಮ್ಮ ಎಲ್ಲವನ್ನೂ ಕೇಳಿದರು. ಬೂತಿನ ಮಾತಿಗೆ ಕಣ್ಣರಳಿಸಿದರು, ಕಂಬಳಿಯ ಮಾತಿಗೆ ಕುರ್ಚಿಯಲ್ಲಿ ಹಿಂದಕ್ಕೆ ಒರಗಿ ನಗತೊಡಗಿದರು.

"ಅಮ್ಮಾ, ಈ ಶಾಖ ಚರ್ಮಕ್ಕೆ ನೇರವಾಗಿ ಬೀಳಬೇಕು. ನೀವು ಇಷ್ಟು ದಿನ ಕಂಬಳಿಯ ಭುಜಕ್ಕೆ ಚಿಕಿತ್ಸೆ ಕೊಟ್ಟಿದ್ದೀರಿ. ಕೈಯನ್ನಾದರೂ ಆಡಿಸಿದಿರೋ ಇಲ್ಲವೋ?"

"ಕಂಬಳಿಯಾಗ ಹೆಂಗ ಆಡಸ್ಲಿ ತಾಯಿ" ಎಂದರು ಅತ್ತೆ, ತಪ್ಪೆಲ್ಲ ಕಂಬಳಿಯದೇ ಎಂಬಂತೆ.

ಮನೆಗೆ ಬಂದವರೇ ಗಾಜಿಗೆ ಹಳೆಯ ಸೀರೆಯ ಪರದೆ ಕಟ್ಟಿದೆವು. ಅತ್ತೆ ಒಳಗೆ ರವಿಕೆ ತೆಗೆದು, ಸೆರಗನ್ನು ಒಂದು ಬದಿಗೆ ಕಟ್ಟಿ, ಭುಜ ಬರಿದು ಮಾಡಿ ಕೂತರು. "ಈ ವಯಸ್ಸಿನ್ಯಾಗ ಇದೇನು ಗತಿ ತಂದಿಟ್ಟಿ ಶಿವನ" ಎಂದು ಗೊಣಗಿದರು. ಶಾಖ ಮುಗಿದ ಕೂಡಲೇ ಅಲ್ಲಿಯೇ ಪ್ಲೈವುಡ್ ಗೋಡೆಯ ಮೇಲೆ ಬೆರಳುಗಳನ್ನು ಇರುವೆಯಂತೆ ಹತ್ತಿಸಬೇಕು. ನೋವು ಸಣ್ಣದಲ್ಲ. ಹಲ್ಲು ಕಚ್ಚಿ ಹತ್ತಿಸುತ್ತಿದ್ದರು. ನಾನು ಪರದೆಯಾಚೆ ನಿಂತು, "ಇನ್ನೊಂದೀಟು ಅತ್ತೀ" ಎನ್ನುವುದು, ಅವರು, "ನೀ ಹತ್ತು ಬಾ ಒಳಗ" ಎನ್ನುವುದು. ಬೈಗುಳ ಹೆಚ್ಚಾದ ದಿನ ಕೈ ಹೆಚ್ಚು ಮೇಲೆ ಹೋಗುತ್ತಿತ್ತು, ನೋಡಿದ್ದೇನೆ.

ಅತ್ತೆ ತಾವೇ ತುರುಬು ಕಟ್ಟಿಕೊಂಡ ದಿನ ಪೇಟೆಗೆ ಹೋಗಿ ಮಲ್ಲಿಗೆ ತಂದು ಮುಡಿಸಿದೆ. ಮುಡಿದುಕೊಂಡು ಕನ್ನಡಿಯ ಮುಂದೆ ಹೋಗಿ ಬಂದರು. ಆದರೂ ಅವರು ಪೂಜೆಯಲ್ಲಿ ಕೈ ಎತ್ತಿ ನೋಡಿರಲಿಲ್ಲ. ಎತ್ತಿ, ಅರ್ಧಕ್ಕೆ ನಡುಗಿ, ಲಿಂಗ ಜಾರಿಬಿಟ್ಟರೆ ಎಂಬ ಹೆದರಿಕೆ.

ಒಂದು ಸೋಮವಾರ ಬೆಳಿಗ್ಗೆ ನಾನು ರೊಟ್ಟಿ ತಟ್ಟುತ್ತಿದ್ದೆ. ನಮ್ಮ ಮನೆಯವರು ಅಂಗಡಿಗೆ ಹೊತ್ತಾಯಿತೆಂದು ಅಡುಗೆಮನೆಗೂ ಪಡಸಾಲೆಗೂ ಓಡಾಡುತ್ತಿದ್ದರು. ಅತ್ತೆ ಪೂಜೆ ಮುಗಿಸದೆ ನಮ್ಮಲ್ಲಿ ಯಾರೂ ಉಣ್ಣುವುದಿಲ್ಲ. ಹೋದವರು ಹಾಗೇ ವಾಪಸು ಬಂದು ನನ್ನ ಸೆರಗು ಎಳೆದರು. ಹೋಗಿ ದೇವರ ಕೋಣೆಗೆ ಇಣುಕಿದೆ.

ಅತ್ತೆಯ ಬೆನ್ನು ನೆಟ್ಟಗಿತ್ತು. ಎಡಗೈ ಮೇಲೆದ್ದಿತ್ತು. ಅಂಗೈ ಕಣ್ಣಿನ ಮಟ್ಟಕ್ಕೆ ಇತ್ತು, ಮೊಣಕೈಗೆ ಯಾವ ಆಸರೆಯೂ ಇರಲಿಲ್ಲ. ತೋಳು ಸಣ್ಣಗೆ ನಡುಗುತ್ತಿತ್ತು, ಕಣ್ಣು ಮಾತ್ರ ಅಲುಗುತ್ತಿರಲಿಲ್ಲ. ನನ್ನ ಕಣ್ಣಿಂದ ನೀರು ಸುರಿಯಿತು, ಹಿಟ್ಟಿನ ಕೈಯಲ್ಲೇ ಒರೆಸಿಕೊಂಡೆ.

ಎಷ್ಟು ಹೊತ್ತಾದರೂ ಕೈ ಇಳಿಯಲಿಲ್ಲ. ಒಲೆಯ ಮೇಲಿನ ರೊಟ್ಟಿ ಸೀದ ವಾಸನೆ ಬಂತು. ನಮ್ಮ ಮನೆಯವರಿಗೆ ಹಸಿವು, ಮೇಲೆ ಸಂತೋಷ, ಎರಡೂ ತಡೆಯಲಾಗಲಿಲ್ಲ.

"ಯವ್ವಾ, ಕೈ ಮ್ಯಾಲೇ ಸಿಗಿಬಿದ್ದೈತೇನು ಬೇ" ಎಂದರು ಬಾಗಿಲಿನಿಂದ.

ಅತ್ತೆ ತಿರುಗಲಿಲ್ಲ. "ಇಷ್ಟು ದಿನ ಶಿವನ್ನ ತೊಡಿ ಮ್ಯಾಲೆ ಕುಂದ್ರಿಸಿದ್ದೆ, ಮುಖನ ಸರಿಯಾಗಿ ಕಂಡಿದ್ದಿಲ್ಲ" ಎಂದರು ಮೆಲ್ಲಗೆ. "ಒಂದೀಟು ನೋಡ್ಕೊಂತೀನಿ, ಬಿಡ್ರೋ."

ನಮ್ಮ ಮನೆಯವರು ಅಂಗಡಿಯ ಕೀಲಿಕೈ ಬದಿಗಿಟ್ಟು ಹೊಸ್ತಿಲ ಬಳಿ ಕೂತರು. ನಾನು ಒಲೆ ಆರಿಸಿ ಬಂದು ಅತ್ತೆಯ ಪಕ್ಕದಲ್ಲಿ ಕೂತೆ.