ಲಾಗ ಹಾಕಲು ಅರ್ಧ ಗಂಟೆ

ಇವತ್ತು ಬೆಳಿಗ್ಗೆ ಸಕ್ಕರೆ ಕಾಯಿಲೆಯ ಪರೀಕ್ಷೆಗೆ ರಕ್ತ ಕೊಟ್ಟು ಬಂದೆ. ಮೊಣಕೈ ಮಡಚಿ, ಹತ್ತಿಯುಂಡೆ ಒತ್ತಿ ಹಿಡಿದುಕೊಂಡು ಕಾಸರಗೋಡಿನ ಬಸ್‌ಸ್ಟ್ಯಾಂಡಿನಲ್ಲಿ ನಿಂತಿದ್ದಾಗ ಸ್ಪಿರಿಟಿನ ವಾಸನೆ ಮೂಗಿಗೆ ಬಂತು. ನಿಮಗೆ ಆ ವಾಸನೆಯಿಂದ ಚಿಕ್ಕಂದಿನ ಇಂಜೆಕ್ಷನ್ನಿನ ಹೆದರಿಕೆ ನೆನಪಾಗಬಹುದು. ನನಗೆ ನೆನಪಾಗುವುದು ಸರೋಜಕ್ಕ, ಮತ್ತು ಅವರ ಕೈಯಿಂದ ನಾನು ಕಿತ್ತುಕೊಂಡ ಒಂದು ಪುಸ್ತಕ.

ಕಿತ್ತುಕೊಂಡೆ ಎಂದರೆ ಜಗಳವಾಡಿ ಅಲ್ಲ, ನಗುನಗುತ್ತಲೇ. ಹದಿನೈದು ವರ್ಷದ ಹಿಂದಿನ ಮಾತು. ಪೇಟೆಯ ಒಂದು ಸಣ್ಣ ಆಸ್ಪತ್ರೆಯಲ್ಲಿ ನಾನು ಕಂಪ್ಯೂಟರ್ ನೋಡಿಕೊಳ್ಳುವವನಾಗಿದ್ದೆ. ಡಿಪ್ಲೊಮಾ ಮಾಡಿದ್ದೆ, ಮಂಗಳೂರಿನಲ್ಲಿ ಆರು ತಿಂಗಳು ಡೇಟಾಬೇಸ್ ಕಲಿತಿದ್ದೆ, ಕಲಿತದ್ದಕ್ಕಿಂತ ಹೆಚ್ಚು ಮಾತಾಡುತ್ತಿದ್ದೆ. ಸರೋಜಕ್ಕ ಲ್ಯಾಬಿನವರು. ಶಿರಿಯದಿಂದ ದಿನಾ ಬೆಳಿಗ್ಗೆ ಮೊದಲ ಬಸ್ಸಿಗೆ ಬರುತ್ತಿದ್ದರು. ಮನೆಯಲ್ಲಿ ತುಳು, ಆಸ್ಪತ್ರೆಯಲ್ಲಿ ಎದುರಿಗೆ ಸಿಕ್ಕವರ ಭಾಷೆ. ಪ್ರತಿಯೊಂದು ಪರೀಕ್ಷೆಯ ಫಲಿತಾಂಶವನ್ನೂ ಅವರು ಉದ್ದನೆಯ ರಟ್ಟಿನ ಪುಸ್ತಕದಲ್ಲಿ ಬರೆಯುತ್ತಿದ್ದರು. ಬಂದವರ ಸರದಿಯಲ್ಲೇ ಹೆಸರು, ಮನೆ ಹೆಸರು, ಅಂಕಿ. ತಪ್ಪಾದರೆ ಒಂದು ಗೆರೆ ಎಳೆದು ಪಕ್ಕದಲ್ಲಿ ಸರಿಯಾದದ್ದು. ಒಂದು ಹಾಳೆಯನ್ನೂ ಹರಿದದ್ದಿಲ್ಲ.

ಕಂಪ್ಯೂಟರಿನಲ್ಲೂ ಬರೆದು ಪುಸ್ತಕದಲ್ಲೂ ಬರೆಯುವುದು ಯಾಕೆ ಎಂದು ನಾನು ತಿಂಗಳುಗಟ್ಟಲೆ ಅವರ ತಲೆ ತಿಂದೆ. ಕೊನೆಗೆ ಆಸ್ಪತ್ರೆಯ ಯಜಮಾನರಾದ ದೊಡ್ಡ ಡಾಕ್ಟರಿಗೂ ಹೇಳಿ, ಪುಸ್ತಕವನ್ನು ನಾನೇ ಎತ್ತಿಕೊಂಡು ಹೋಗಿ ಹಳೇ ಕಾಗದಗಳ ಕಪಾಟಿನಲ್ಲಿ ಇಟ್ಟೆ. ಪೆನ್ನನ್ನು ಮಾತ್ರ ಸರೋಜಕ್ಕ ತಮ್ಮ ಕಿಸೆಯಿಂದ ತೆಗೆದಿಡಲಿಲ್ಲ.

ಮೂರು ತಿಂಗಳು ಚೆಂದಕ್ಕೆ ನಡೆಯಿತು. ಮಳೆಗಾಲದ ಒಂದು ಮಧ್ಯಾಹ್ನ ಕರೆಂಟು ಹೋಗಿ ಬಂತು, ಮತ್ತೆ ಹೋಗಿ ಬಂತು, ಮೂರನೆಯ ಸಲ ಬಂದಾಗ ಸರ್ವರಿನ ಡಿಸ್ಕ್ ಟಕಟಕ ಎಂದು ಸುಮ್ಮನಾಯಿತು. ನಾನು ಧೈರ್ಯದಿಂದಲೇ ಇದ್ದೆ. ಹಿಂದಿನ ರಾತ್ರಿಯ ಬ್ಯಾಕಪ್ ಇತ್ತಲ್ಲ. ಬೇರೆ ಡಿಸ್ಕಿಗೆ ಅದನ್ನು ಹಾಕಿ, ಸಂಜೆ ಐದಕ್ಕೆ ಎಲ್ಲರನ್ನೂ ಕರೆದು ಸ್ಕ್ರೀನ್ ತೋರಿಸಿದೆ. ಸರೋಜಕ್ಕ ಬಗ್ಗಿ ನೋಡಿ, ನಿನ್ನೆಯ ವರೆಗೆ ಉಂಟು, ಇವತ್ತಿನದ್ದೆಲ್ಲಿ ಎಂದು ಕೇಳಿದರು.

ಇವತ್ತಿನದ್ದು ಇರಲಿಲ್ಲ. ಬೆಳಿಗ್ಗೆ ಏಳರಿಂದ ಮಧ್ಯಾಹ್ನ ಎರಡೂವರೆಯ ವರೆಗೆ ಲ್ಯಾಬಿನಲ್ಲಿ ನಡೆದದ್ದು ಎಲ್ಲಿಯೂ ಇರಲಿಲ್ಲ, ರಿಪೋರ್ಟುಗಳು ಇನ್ನೂ ಅಚ್ಚಾಗಿರಲಿಲ್ಲ. ಫ್ರಿಜ್ಜಿನಲ್ಲಿ ರಕ್ತ ಉಳಿದಿದ್ದವರದ್ದನ್ನು ಮತ್ತೆ ಮಾಡಬಹುದಿತ್ತು. ರಕ್ತದ ಟ್ಯೂಬು ಆಗಲೇ ತೊಳೆದುಹೋಗಿದ್ದವರು ಹನ್ನೊಂದು ಮಂದಿ. ನಾಚಿಕೆ ಬಿಟ್ಟು ಹೇಳುತ್ತೇನೆ, ಆಗ ನಾನು ಒಂದು ಸಲಹೆ ಕೊಟ್ಟೆ: ಬೆಳಿಗ್ಗೆಯಷ್ಟೇ ನೋಡಿದ್ದಲ್ಲವಾ ಅಕ್ಕ, ನೆನಪಿದ್ದದ್ದನ್ನು ಬರೆದುಬಿಡಿ ಎಂದು.

ಅವರು ನನ್ನನ್ನೇ ನೋಡಿದರು. "ನೆನಪಿದ್ದದ್ದು ಬರಿಲಿಕ್ಕೆ ಇದು ಕತೆ ಅಲ್ಲ ಮಾರಾಯ, ರಕ್ತ" ಎಂದರು.

ಈಗ ನೆನಪಿದ್ದದ್ದನ್ನೇ ಬರೆಯುತ್ತ ಕೂತಿರುವಾಗ ಆ ಮಾತು ಇನ್ನೂ ಚುಚ್ಚುತ್ತದೆ. ನಾನು ಎರಡು ಮಾತು ಆಚೀಚೆ ಮಾಡಿದರೆ ನಿಮಗೆ ಏನೂ ನಷ್ಟವಿಲ್ಲ. ಆ ಹನ್ನೊಂದು ಮಂದಿಗೆ ಹಾಗಿರಲಿಲ್ಲ.

ಪೇಟೆಯ ಸುತ್ತಮುತ್ತಲಿನ ಹತ್ತು ಮಂದಿಗೆ ಹೇಳಿ ಕಳಿಸಿದೆವು. ಬೈದುಕೊಂಡೇ ಬಂದು ಮತ್ತೆ ರಕ್ತ ಕೊಟ್ಟರು. ಉಳಿದದ್ದು ದೇಲಂಪಾಡಿಯ ಗಿರಿಜ. ಏಳು ತಿಂಗಳ ಬಸುರಿ, ರಕ್ತದಲ್ಲಿ ಸಕ್ಕರೆ ಏರಿರಬಹುದೆಂಬ ಸಂಶಯ. ಆ ದಿನ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಎರಡು ಬಸ್ಸು ಹತ್ತಿ ಬಂದು, ಒಮ್ಮೆ ರಕ್ತ ಕೊಟ್ಟು, ಗ್ಲೂಕೋಸ್ ನೀರು ಕುಡಿದು, ಎರಡು ಗಂಟೆ ಬೆಂಚಿನಲ್ಲಿ ಕೂತು ಮತ್ತೆ ರಕ್ತ ಕೊಟ್ಟು ಹೋಗಿದ್ದಳು. ಅವಳನ್ನು ಇನ್ನೊಮ್ಮೆ ಬರಹೇಳುವುದಿಲ್ಲ ಎಂದು ಸರೋಜಕ್ಕ ಹಟ ಹಿಡಿದರು. ಅವಳ ಮನೆ ಹತ್ತಿರದ ಅಂಗಡಿಗೆ ಫೋನ್ ಮಾಡಿ, ನಾಳೆ ಬೆಳಿಗ್ಗೆ ಏನೂ ತಿನ್ನದೆ ಇರಲಿ, ನಾವೇ ಬರುತ್ತೇವೆ ಎಂದು ಹೇಳಿಸಿದರು. ನಾವು ಎಂದರೆ ಯಾರು ಎಂದು ಕೇಳಿದೆ. "ನಾನು ಮತ್ತೆ ನೀನು" ಎಂದರು.

ಮುಳ್ಳೇರಿಯದಲ್ಲಿ ಬಸ್ಸು ಬದಲಿಸಿ, ಕಾಡಿನ ಅಂಚಿನಲ್ಲಿ ಇಳಿದು, ರಬ್ಬರು ತೋಟದ ನಡುವೆ ಅರ್ಧ ಮೈಲಿ ನಡೆದೆವು. ಸರೋಜಕ್ಕನ ಕೈಯಲ್ಲಿ ಐಸ್ ತುಂಬಿದ ಫ್ಲಾಸ್ಕು, ನನ್ನ ಕೈಯಲ್ಲಿ ಕೊಡೆ. ದಾರಿಯುದ್ದಕ್ಕೂ ನಾನು ಹೇಳಬೇಕಾದ ಕ್ಷಮೆಯನ್ನು ಉರುಹೊಡೆಯುತ್ತಿದ್ದೆ. ಕಂಪ್ಯೂಟರು, ಕರೆಂಟು, ಡಿಸ್ಕು ಎಂದೆಲ್ಲ ಇತ್ತು ಅದರಲ್ಲಿ. ಗಿರಿಜ ಜಗಲಿಯಲ್ಲಿ ಚಾಪೆ ಹಾಸಿ ಕೂತಿದ್ದಳು. ಹಸಿವಿನಿಂದ ಮುಖ ಬಾಡಿತ್ತು. ನನ್ನ ಭಾಷಣವನ್ನು ಅರ್ಧದ ವರೆಗೆ ಕೇಳಿದಳು.

"ನಾನು ಕೊಟ್ಟದ್ದು ನಿಮ್ಮ ಹತ್ರ ಇಲ್ಲ ಅಲ್ವಾ? ಅಷ್ಟು ಹೇಳಿದ್ರೆ ಸಾಕು" ಎಂದು ಕೈ ಚಾಚಿದಳು.

ನಿನ್ನೆಯ ಎರಡು ತೂತಿನ ಸುತ್ತ ನೀಲಿಗಟ್ಟಿತ್ತು. ಸರೋಜಕ್ಕ ಇನ್ನೊಂದು ಕೈ ಕೇಳಿದರು. ಗ್ಲೂಕೋಸ್ ಕುಡಿದು ಎರಡು ಗಂಟೆ ಕಾಯಬೇಕಿತ್ತಲ್ಲ, ಆ ಎರಡು ಗಂಟೆ ನಾನು ಅಂಗಳದ ಮೂಲೆಯಲ್ಲಿ ನಿಂತು ತೋಟ ನೋಡುತ್ತಿದ್ದೆ. ಅವಳು ನನಗೆ ಚಹಾ ಮಾಡಿಸಿ ಕಳಿಸಿದಳು, ತಾನು ಹಸಿದುಕೊಂಡೇ. ಕುಡಿಯಲಿಕ್ಕೆ ಆಗಲಿಲ್ಲ, ಕುಡಿಯದೆ ಇರಲಿಕ್ಕೂ ಆಗಲಿಲ್ಲ. ಇದು ಮತ್ತೊಮ್ಮೆ ಆಗಕೂಡದು ಎಂದು ಆ ಅಂಗಳದಲ್ಲಿ ನಿರ್ಧಾರ ಮಾಡಿದೆ. ಸಕ್ಕರೆ ಸ್ವಲ್ಪ ಏರಿದ್ದು ನಿಜವಾಗಿತ್ತು. ಪಥ್ಯ ಹೇಳಿದರು, ಹೆರಿಗೆ ಸುಸೂತ್ರವಾಯಿತು ಎಂದು ಆಮೇಲೆ ತಿಳಿಯಿತು.

ನನ್ನ ತಪ್ಪು ಎಲ್ಲಿತ್ತು ಎಂದು ನನಗೆ ಗೊತ್ತಿತ್ತು. ಬೇಸರವಿಲ್ಲದಿದ್ದರೆ ನಿಮಗೂ ಹೇಳುತ್ತೇನೆ, ಕಷ್ಟದ್ದೇನಲ್ಲ. ಕಂಪ್ಯೂಟರಿನಲ್ಲಿ ಈ ಅಂಕಿಗಳನ್ನೆಲ್ಲ ಇಟ್ಟುಕೊಳ್ಳುವ ಡೇಟಾಬೇಸ್ ಎಂಬುದು ಯಾವ ಬದಲಾವಣೆ ಮಾಡಿದರೂ ಅದನ್ನು ಮೊದಲು ಸರದಿಯ ಪ್ರಕಾರ ಒಂದು ಲಾಗ್‌ನಲ್ಲಿ ಬರೆದಿಡುತ್ತದೆ, ಸರೋಜಕ್ಕನ ಪುಸ್ತಕದ ಹಾಗೆಯೇ. ಆದರೆ ಅದರ ಹತ್ತಿರ ಇರುವುದು ಪುಸ್ತಕವಲ್ಲ, ಮೂರು ಸ್ಲೇಟು. ಮೂರೂ ತುಂಬಿದ ಮೇಲೆ ಮೊದಲನೆಯದನ್ನು ಒರೆಸಿ ಮತ್ತೆ ಬರೆಯುತ್ತದೆ. ಒರೆಸುವ ಮೊದಲು ನಕಲು ತೆಗೆದು ಬೇರೆ ಕಡೆ ಇಡು ಎಂದು ನಾವು ಹೇಳಬೇಕು. ಅದಕ್ಕೇ ಆರ್ಕೈವ್ ಲಾಗ್ ಎನ್ನುವುದು. ನಕಲುಗಳಿದ್ದರೆ, ಡಿಸ್ಕ್ ಸತ್ತರೂ ನಿನ್ನೆಯ ಬ್ಯಾಕಪ್ಪಿನ ಮೇಲೆ ಇವತ್ತಿನದ್ದನ್ನು ಒಂದೊಂದಾಗಿ ಮತ್ತೆ ನಡೆಸಬಹುದು. ಇದೆಲ್ಲ ನಾನು ಪರೀಕ್ಷೆಯಲ್ಲಿ ಬರೆದು ಅಂಕ ಗಿಟ್ಟಿಸಿದ್ದೆ. ಸರ್ವರ್ ಹಾಕುವಾಗ ಮಾತ್ರ, ಡಿಸ್ಕಿನಲ್ಲಿ ಜಾಗ ಉಳಿಯಲಿ ಎಂದು ಬಿಟ್ಟುಬಿಟ್ಟಿದ್ದೆ. ಪುಸ್ತಕ ಬರೆಯುವವರ ಕೈಯಿಂದ ಪುಸ್ತಕ ಕಿತ್ತುಕೊಂಡು ಸ್ಲೇಟು ಕೊಟ್ಟಿದ್ದೆ.

ಅದನ್ನು ಸರಿಪಡಿಸಲು ಎರಡು ಸಂಗತಿ ಬೇಕಿತ್ತು: ಇನ್ನೊಂದು ಡಿಸ್ಕು, ಮತ್ತು ಡೇಟಾಬೇಸ್ ನಿಲ್ಲಿಸಲು ಅರ್ಧ ಗಂಟೆ. ದೊಡ್ಡ ಡಾಕ್ಟರಿಗೆ ಒಂದು ಅಪೇಕ್ಷೆ ಬರೆದೆ. ನಮ್ಮ ಕಡೆ ಅರ್ಜಿಗೆ ಅಪೇಕ್ಷೆ ಎನ್ನುವುದು, ಕೇರಳದ ಆಫೀಸುಗಳಿಂದ ಹತ್ತಿದ ಅಭ್ಯಾಸ. ಕನ್ನಡ ಶಾಲೆಯಲ್ಲಿ ಕಲಿತ ನಾನು ಕನ್ನಡದಲ್ಲೇ ಬರೆದೆ. ಅವಸರದಲ್ಲಿ ಗಕಾರವನ್ನು ಅರ್ಧಾಕ್ಷರ ಮಾಡುವ ಒಂದು ಸಣ್ಣ ಕೊಕ್ಕೆ ಬಿಟ್ಟುಹೋಯಿತು. ಡಾಕ್ಟರು ಕನ್ನಡಕ ಏರಿಸಿ ಗಟ್ಟಿಯಾಗಿ ಓದಿದರು: "ಲಾಗ ಹಾಕಲು ಅರ್ಧ ಗಂಟೆ ಆಸ್ಪತ್ರೆಯ ಕಂಪ್ಯೂಟರ್ ನಿಲ್ಲಿಸಲು ಅನುಮತಿ ಕೋರುತ್ತೇನೆ." ಓದಿ, ಮೇಲಿನಿಂದ ಕೆಳಗಿನ ವರೆಗೆ ನನ್ನ ಮೈಕಟ್ಟು ನೋಡಿ, ಈ ಹೊಟ್ಟೆಯಲ್ಲಿ ಲಾಗ ಹಾಕಲಿಕ್ಕೆ ಅರ್ಧ ಗಂಟೆ ಸಾಕಾಗುವುದಾ ಎಂದು ಕೇಳಿದರು.

ಸಂಜೆಯೊಳಗೆ ಸುದ್ದಿ ಫಾರ್ಮಸಿಯಿಂದ ಕ್ಯಾಂಟೀನಿನ ವರೆಗೆ ಹೋಗಿತ್ತು. ಯಾವಾಗ ಲಾಗ, ಚಾಪೆ ಹಾಸಬೇಕಾ, ಆಂಬುಲೆನ್ಸ್ ಹತ್ತಿರ ನಿಲ್ಲಿಸಬೇಕಾ ಎಂದು ಕಂಡಕಂಡವರೆಲ್ಲ ವಿಚಾರಿಸಿದರು. ಬೇರೆ ಸಮಯವಾಗಿದ್ದರೆ ನಾನು ಮುಖ ಮರೆಸಿಕೊಳ್ಳುತ್ತಿದ್ದೆ. ಆಗ ಹಾಗಾಗಲಿಲ್ಲ. ಮರುದಿನ ಕೊಕ್ಕೆ ಹಾಕಿ ಇನ್ನೊಂದು ಅಪೇಕ್ಷೆ ಕೊಟ್ಟೆ. ಅದರ ಮರುದಿನ ಡಾಕ್ಟರ ಕೋಣೆಯ ಬಾಗಿಲಲ್ಲಿ ನಿಂತೆ. ಆಸ್ಪತ್ರೆಗೆ ನಿಲ್ಲುವ ಹೊತ್ತು ಎಂಬುದು ಉಂಟಾ ಎಂದು ಅವರು ಕೇಳಿದಾಗ, ಸರೋಜಕ್ಕ ಹಿಂದಿನಿಂದ ಉತ್ತರ ಕೊಟ್ಟರು: ಶುಕ್ರವಾರ ಜುಮಾ ನಮಾಜಿನ ಹೊತ್ತಿಗೆ ಹೊರರೋಗಿಗಳ ಒ.ಪಿ.ಯಲ್ಲಿ ಜನ ಇರುವುದಿಲ್ಲ, ಆ ಅರ್ಧ ಗಂಟೆ ಬಂದವರದ್ದನ್ನು ನಾನು ಕೈಯಲ್ಲಿ ಬರೆದುಕೊಳ್ಳುತ್ತೇನೆ.

ಹಾಗೆ ಒಂದು ಶುಕ್ರವಾರ, ಪಳ್ಳಿಯಿಂದ ನಮಾಜಿಗೆ ಕರೆಯುವ ಬಾಂಗ್ ಕೇಳಿದ ಮೇಲೆ, ಎಲ್ಲರಿಗೂ ಕಂಪ್ಯೂಟರಿನ ಕೆಲಸದಿಂದ ಹೊರಬರಲು ಹೇಳಿ ಡೇಟಾಬೇಸನ್ನು ಕ್ರಮವಾಗಿ ಮುಚ್ಚಿದೆ. ಅರ್ಧ ಎಬ್ಬಿಸಿದೆ, ಪೂರ್ತಿ ತೆರೆಯಲಿಲ್ಲ. ಆ ಸ್ಥಿತಿಯಲ್ಲೇ ನಕಲಿಡುವ ಆಜ್ಞೆ ಕೊಡಬೇಕು. ಟೈಪು ಮಾಡಿದ್ದನ್ನು ಮೂರು ಸಲ ಓದಿ ಎಂಟರ್ ಒತ್ತಿದೆ. ಬದಲಾಯಿತು ಎಂದು ಒಂದೇ ಸಾಲು ಬಂತು. ಮತ್ತೆ ತೆರೆದು, ನಕಲುಗಳು ಎರಡನೆಯ ಡಿಸ್ಕಿಗೆ ಹೋಗುತ್ತಿವೆಯೇ ಎಂದು ನೋಡಿ, ಬರೆಯುತ್ತಿರುವ ಸ್ಲೇಟಿಗೂ ಅಲ್ಲೇ ಒಂದು ಜೋಡಿ ಇಟ್ಟು, ಹೊಸತಾಗಿ ಬ್ಯಾಕಪ್ ತೆಗೆದೆ. ಇಪ್ಪತ್ತೆರಡು ನಿಮಿಷದಲ್ಲಿ ಆಸ್ಪತ್ರೆ ಮೊದಲಿನ ಹಾಗೆ ನಡೆಯುತ್ತಿತ್ತು. ಲಾಗ ನೋಡಲು ಬಂದವರು ನಿರಾಶರಾಗಿ ಊಟಕ್ಕೆ ಹೋದರು.

ಸರೋಜಕ್ಕ ಆ ಅರ್ಧ ಗಂಟೆಗೆಂದು ತೆಗೆದ ಪುಸ್ತಕವನ್ನು ಮಾತ್ರ ಮುಚ್ಚಲಿಲ್ಲ. ಮರುದಿನವೂ ಬರೆದರು, ಅದರ ಮರುದಿನವೂ. ಇನ್ನು ಬೇಡ ಅಕ್ಕ ಎಂದೆ.

"ನಿನ್ನ ಮಿಷನು ಒಂದು ಸಲ ಸಾಯ್ಲಿ. ಹೋದದ್ದೆಲ್ಲ ವಾಪಸ್ ಬರ್ಲಿ. ಆಮೇಲೆ ನಿಲ್ಲಿಸ್ತೇನೆ" ಎಂದರು.

ನ್ಯಾಯವಾದ ಮಾತು. ನನಗೆ ಸಿಟ್ಟು ಬರಲಿಲ್ಲ, ಹಟ ಬಂತು.

ಮಿಷನು ಸಾಯುವ ಮೊದಲು ಒಂದು ಸಲ ಸೆಟೆದುಕೊಂಡು ಕೂತಿತು. ನಕಲುಗಳು ಬೆಳೆಯುತ್ತಾ ಎರಡನೆಯ ಡಿಸ್ಕ್ ತುಂಬಿದ್ದನ್ನು ನಾನು ಗಮನಿಸಿರಲಿಲ್ಲ. ನಕಲಿಡಲು ಜಾಗವಿಲ್ಲದಿದ್ದರೆ ಡೇಟಾಬೇಸ್ ಸ್ಲೇಟು ಒರೆಸುವುದೇ ಇಲ್ಲ, ಮುಂದೆ ಬರೆಯುವುದೂ ಇಲ್ಲ. ಒಂದು ಸೋಮವಾರ, ಜನ ಕಿಕ್ಕಿರಿದಿದ್ದಾಗ, ಎಲ್ಲ ಸ್ಕ್ರೀನುಗಳೂ ನಿಂತುಬಿಟ್ಟವು. ಹಳೆಯ ನಕಲುಗಳನ್ನು ಬೇರೆಡೆಗೆ ಸಾಗಿಸಿ ನಾನು ಅದನ್ನು ನಡೆಸುವಷ್ಟರಲ್ಲಿ ಮುಕ್ಕಾಲು ಗಂಟೆ ಹೋಗಿತ್ತು. ದೊಡ್ಡ ಡಾಕ್ಟರು ಬಂದು ಆ ಲಾಗವನ್ನು ಈಗಲೇ ತೆಗೆ ಎಂದರು. ತೆಗೆಯುವುದಿಲ್ಲ ಎಂದೆ. ಸಂಬಳ ಕೊಡುವವರಿಗೆ ನಾನು ಹಾಗೆ ಹೇಳಿದ್ದು ಅದೊಂದೇ ಸಲ. ಆಗ ಸರೋಜಕ್ಕ, "ಅದು ಮಾಡಿದ್ದು ಸರಿಯೇ ಉಂಟಲ್ಲ ಡಾಕ್ಟ್ರೇ. ಬರೆದದ್ದನ್ನು ಹಾಳು ಮಾಡುದಕ್ಕಿಂತ ಸುಮ್ಮನೆ ಕೂತದ್ದು" ಎಂದರು. ಡಾಕ್ಟರು ಇಬ್ಬರನ್ನೂ ನೋಡಿ ಹೊರಟುಹೋದರು. ಅಂದಿನಿಂದ ದಿನಾ ಬೆಳಿಗ್ಗೆ ಚಹಾಕ್ಕೆ ಮೊದಲು ಡಿಸ್ಕಿನ ಜಾಗ ನೋಡುವುದು ನನ್ನ ನಿತ್ಯಕರ್ಮವಾಯಿತು.

ಮುಂದಿನ ಮಳೆಗಾಲದಲ್ಲಿ ಕರೆಂಟು ಹೋಗಿ ಬಂದು ಅದು ನಿಜವಾಗಿಯೂ ಸತ್ತಿತು. ಮಧ್ಯಾಹ್ನ ಹನ್ನೆರಡು ಗಂಟೆಯ ಹೊತ್ತು. ಬ್ಯಾಕಪ್ ಹಾಕಿ, ನಕಲುಗಳನ್ನು ಒಂದೊಂದಾಗಿ ಕೊಡುತ್ತಾ ಹೋದೆ. ಒಂದನ್ನು ನುಂಗಿ ಇನ್ನೊಂದು ಕೇಳುತ್ತಿತ್ತು. ಕೊನೆಗೆ ಆ ಜೋಡಿ ಸ್ಲೇಟಿನದ್ದನ್ನೂ ಕೊಟ್ಟು ತೆರೆದಾಗ ಮೂರೂವರೆ. ಯಾರನ್ನೂ ಕರೆಯುವ ಧೈರ್ಯ ಬರಲಿಲ್ಲ. ಸರೋಜಕ್ಕ ತಾವೇ ಪುಸ್ತಕ ಹಿಡಿದುಕೊಂಡು ಬಂದು ಪಕ್ಕದಲ್ಲಿ ಕೂತರು.

ಅವರು ಪುಸ್ತಕದಿಂದ ಓದಿದರು, ನಾನು ಸ್ಕ್ರೀನಿನಲ್ಲಿ ಹುಡುಕಿದೆ. ಹೆಸರು, ಮನೆ ಹೆಸರು, ಅಂಕಿ. ಮೊದಲಿನವರು ಇದ್ದರು. ಹತ್ತನೆಯವರು ಇದ್ದರು. ಒಬ್ಬರ ರಕ್ತದ ಅಂಕಿಯನ್ನು ಸರೋಜಕ್ಕ ಹನ್ನೊಂದು ಗಂಟೆಗೆ ತಪ್ಪಾಗಿ ಹಾಕಿ, ಹತ್ತು ನಿಮಿಷ ಬಿಟ್ಟು ತಿದ್ದಿದ್ದರಂತೆ. ಪುಸ್ತಕದಲ್ಲಿ ಗೆರೆ ಎಳೆದು ಬರೆದ ಅಂಕಿಯೇ ಸ್ಕ್ರೀನಿನಲ್ಲೂ ಇತ್ತು. ಕರೆಂಟು ಹೋಗುವ ಎರಡು ನಿಮಿಷ ಮೊದಲು ಹಾಕಿದ ಕೊನೆಯ ಹೆಸರನ್ನು ಅವರು ಓದಿದಾಗ ಅದನ್ನು ಎರಡು ಸಲ ಟೈಪು ಮಾಡಿ ಹುಡುಕಿದೆ. ಅದೂ ಇತ್ತು.

ಸರೋಜಕ್ಕ ಕಿಸೆಯಿಂದ ಪೆನ್ನು ತೆಗೆದರು. "ಇವತ್ತು ಯಾರ ಮನೆಗೂ ಹೋಗ್ಲಿಕ್ಕಿಲ್ಲ" ಎಂದರು. ಆಮೇಲೆ ಆ ಹಾಳೆಯ ಕೆಳಗೆ ಒಂದು ಅಡ್ಡಗೆರೆ ಎಳೆದರು. ಮರುದಿನದಿಂದ ಬರೆಯಲಿಲ್ಲ. ನನಗೆ ಆದ ಸಂತೋಷದ ಜೊತೆಗೇ ಹೆದರಿಕೆಯೂ ಆಯಿತು. ಇನ್ನು ಮೇಲೆ ಅವರ ಪುಸ್ತಕ ನಾನೇ.

ಹೊರಗೆ ಬೆಂಚಿನಲ್ಲಿ ಕೂತವರು ರಿಪೋರ್ಟು ತಡವಾಯಿತೆಂದು ಗೊಣಗುತ್ತಾ ತೆಗೆದುಕೊಂಡು ಬಸ್ಸಿಗೆ ಹೋದರು. ತಮಗೆ ಏನು ತಪ್ಪಿತು ಎಂದು ಒಬ್ಬರಿಗೂ ಗೊತ್ತಾಗಲಿಲ್ಲ.

ಇವತ್ತು ಸಂಜೆ ನನ್ನ ರಿಪೋರ್ಟು ತರಲು, ಬೆಳಿಗ್ಗೆ ರಕ್ತ ಕೊಟ್ಟಿದ್ದ ಲ್ಯಾಬಿಗೆ ಮತ್ತೆ ಹೋದೆ. ಬಸ್‌ಸ್ಟ್ಯಾಂಡಿನಲ್ಲಿ ಶುರುವಾದ ಯೋಚನೆ ದಿನವಿಡೀ ಬಿಟ್ಟಿರಲಿಲ್ಲ. ಕಾಗದ ಕೈಗೆ ಬಂದ ಮೇಲೂ ಹೊರಡದೆ, ಇಲ್ಲಿ ಕಂಪ್ಯೂಟರ್ ಯಾರು ನೋಡಿಕೊಳ್ಳುವುದು ಎಂದು ಕೇಳಿದೆ. ಒಳಗಿನಿಂದ ನಲುವತ್ತರ ಆಸುಪಾಸಿನ ಒಬ್ಬರು ಹೆಂಗಸು ಬಂದರು. ಆರ್ಕೈವ್ ಲಾಗ್ ಹಾಕಿದ್ದೀರಾ ಎಂದೆ. ಅವರಿಗೆ ಆಶ್ಚರ್ಯವಾಯಿತು.

"ಮೊದಲು ಇತ್ತು ಸರ್. ಡಿಸ್ಕ್ ತುಂಬಿ ಒಂದು ಸಲ ಎಲ್ಲ ನಿಂತಿತು. ಆಮೇಲೆ ತೆಗೆದದ್ದು" ಎಂದರು.

ನಾನು ಕುರ್ಚಿ ಎಳೆದು ಕೂತೆ. ಸ್ಲೇಟಿನ ಪಾಠ ಹೇಳಲಿಲ್ಲ. ಅದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ದೇಲಂಪಾಡಿಯ ಜಗಲಿಯಲ್ಲಿ ಒಬ್ಬಳು ಬಸುರಿ ಹಸಿದುಕೊಂಡು ಕೂತು ಚಾಚಿದ ಕೈಯ ವಿಷಯ ಹೇಳಿದೆ. ಅವರು ನಿಂತಲ್ಲೇ ಕೇಳಿದರು. ಕೇಳಿ ಮುಗಿದ ಮೇಲೆ ಗೋಡೆಯ ಕ್ಯಾಲೆಂಡರಿನ ಕಡೆ ತಿರುಗಿದರು.

"ಶುಕ್ರವಾರ ನಮಾಜಿನ ಹೊತ್ತಿಗೆ ಬರ್ತೀರಾ ಸರ್?" ಎಂದರು.

ಬರುತ್ತೇನೆ ಎಂದೆ.