ಕಬ್ಬಿಣ ಅದ್ದಿದ ಮಜ್ಜಿಗೆ

ಅಮ್ಮನನ್ನು ಕಂಡವರೆಲ್ಲ ಅವಳ ಮುಖದ ಬಣ್ಣವನ್ನು ಹೊಗಳುತ್ತಿದ್ದರು. ಐವತ್ತು ದಾಟಿದ ಹೆಂಗಸು, ಕೆನ್ನೆ ನೋಡಿದರೆ ಆಗ ತಾನೇ ಒಲೆ ಮುಂದಿನಿಂದ ಎದ್ದು ಬಂದ ಹಾಗೆ. "ಎಂತ ಕಳೆ ಮಾರಾಯ್ತಿ ನಿನಗೆ" ಎನ್ನುತ್ತಿದ್ದರು. ಆ ಮಾತು ಈಗ ನೆನಪಾದರೂ ನನಗೆ ಮೈಯೆಲ್ಲ ಉರಿಯುತ್ತದೆ. ಅದು ಕಳೆಯಲ್ಲ, ಕಾಯಿಲೆ.

ಬೆಳ್ತಂಗಡಿಯಿಂದ ಅಳದಂಗಡಿಗೆ ಹೋಗುವ ದಾರಿಯಲ್ಲಿ ಸ್ವಲ್ಪ ಒಳಗೆ ನಮ್ಮ ಮನೆ. ಅಳಿಯಕಟ್ಟಿನ ಮನೆ. ಯಜಮಾನಿಕೆ ಅಮ್ಮನ ಅಣ್ಣನದು, ನನಗೆ ದೊಡ್ಡ ಮಾವ. ನಮ್ಮಲ್ಲಿ ಕುಟುಂಬ ಮುಂದುವರಿಯುವುದು ಹೆಣ್ಣಿನಿಂದ. ಆ ತಲೆಮಾರಿಗೆ ಅಮ್ಮ ಒಬ್ಬಳೇ ಹೆಣ್ಣು. "ಈ ಮನೆಯ ರಕ್ತ ಇರುವುದು ಇವಳ ಮೈಯಲ್ಲಿ" ಎಂದು ಮಾವ ಬಂದವರೆದುರು ಹೆಮ್ಮೆಯಿಂದ ಹೇಳುತ್ತಿದ್ದರು. ಕೇಳಲಿಕ್ಕೆ ಚೆಂದ. ಮನೆಯ ರಕ್ತವಾದ್ದರಿಂದ ಅದರ ತೀರ್ಮಾನವೂ ಮನೆಯ ಯಜಮಾನರದೇ ಎಂಬುದು ಆ ಹೆಮ್ಮೆಯ ಇನ್ನೊಂದು ಮಗ್ಗುಲು. ಮೈ ಯಾರದು ಎಂದು ಯಾರೂ ಕೇಳಲಿಲ್ಲ.

ಅಮ್ಮನಿಗೆ ಸದಾ ತಲೆಭಾರ. ಬಿಸಿನೀರು ಮಿಂದು ಬಂದರೆ ಮೈಯಿಡೀ ತುರಿಕೆ. ಬಚ್ಚಲಿನ ಬಾಗಿಲ ಹಿಂದೆ ನಿಂತು ತೆಂಗಿನ ನಾರಿನಿಂದ ತಿಕ್ಕಿಕೊಳ್ಳುತ್ತಿದ್ದಳು. ಉಷ್ಣ ಎಂದರು, ಪಿತ್ತ ಎಂದರು. ಅರುವತ್ತರ ದಶಕದ ನಡುವೆ ನಾನು ಮೂಡಬಿದಿರೆಯಲ್ಲಿ ಟೀಚರಾಗಿದ್ದೆ, ವಾರದ ಕೊನೆಗೆ ಮನೆಗೆ ಬರುತ್ತಿದ್ದೆ. ಒಂದು ಬೇಸಗೆ ರಜೆಯಲ್ಲಿ ಅವಳನ್ನು ಬಂಟ್ವಾಳದ ಡಾಕ್ಟರಿಗೆ ತೋರಿಸಿದೆ. ಅವರು ಮಂಗಳೂರಿನ ಆಸ್ಪತ್ರೆಗೆ ಕಳಿಸಿದರು.

ಅಲ್ಲಿನ ಡಾಕ್ಟರು ನೇರವಾಗಿ ಹೇಳಿದರು. "ನಿಮ್ಮ ತಾಯಿಗೆ ರಕ್ತ ಕಡಿಮೆ ಅಲ್ಲ, ಜಾಸ್ತಿ. ದಪ್ಪ ಆಗಿದೆ. ತಲೆಯಲ್ಲಿ ಹೆಪ್ಪುಗಟ್ಟಿದರೆ ಕೈಕಾಲು ಬಿದ್ದು ಹೋದೀತು, ಜೀವವೂ ಹೋದೀತು. ಆಗಾಗ ಒಂದು ಬಾಟ್ಲಿ ತೆಗೆಯುವ. ಬೇರೆ ರಕ್ತ ಆಗ್ಲಿಕ್ಕೆ ಕಬ್ಬಿಣದ ಅಂಶ ಬೇಕು, ಅದು ಮೈಯಲ್ಲಿ ಕಡಿಮೆ ಆದಷ್ಟು ಒಳ್ಳೆಯದು. ಟಾನಿಕ್ ಗೀನಿಕ್ ಎಲ್ಲ ಕೊಡಬೇಡಿ."

ರಕ್ತ ಬಾಟಲಿಗೆ ಇಳಿಯುವುದನ್ನು ಅಮ್ಮ ಕಣ್ಣು ಮಿಟುಕಿಸದೆ ನೋಡಿದಳು. ಮರಳುವಾಗ ಬಸ್ಸಿನಲ್ಲಿ ಬಂಟ್ವಾಳದ ಸೇತುವೆ ಬಂದಾಗ ನನ್ನ ಕೈ ಹಿಡಿದು, "ತಲೆಯ ಮೇಲಿನ ಹೊರೆ ಇಳಿಸಿದ ಹಾಗೆ ಉಂಟು ಮಗಾ" ಎಂದಳು. ಆಮೇಲೆ ಮನೆಯವರೆಗೆ ಮಗುವಿನ ಹಾಗೆ ನಿದ್ದೆ ಮಾಡಿದಳು.

ಜಗಲಿಯಲ್ಲಿ ಕೂತಿದ್ದ ಮಾವ ಎಲ್ಲ ಕೇಳಿ, "ಒಂದು ಬಾಟ್ಲಿ?" ಎಂದರು. "ಯಾರಿಗೆ ಕೊಟ್ರು ಅದನ್ನು? ನಮ್ಮ ಮನೆಯ ರಕ್ತ ಈಗ ಯಾರ ಮೈಯಲ್ಲಿ ಉಂಟು?"

ಅವರನ್ನು ಕಾಡಿದ್ದು ಅದು. ತಂಗಿಯ ತಲೆನೋವಲ್ಲ.

ಮರುದಿನವೇ ರಕ್ತ ತುಂಬಿಸುವ ಕೆಲಸ ಶುರುವಾಯಿತು. ನಮ್ಮ ಕಡೆ ಬಾಣಂತಿಯರಿಗೆ, ಬಿಳಿಚಿಕೊಂಡವರಿಗೆ ಮಾಡುವ ಮದ್ದು ಅದು: ಹಳೆಯ ಕತ್ತಿಯ ತುಂಡನ್ನು ಒಲೆಯ ಕೆಂಡದಲ್ಲಿ ಕೆಂಪಗೆ ಕಾಯಿಸಿ ಹುಳಿಮಜ್ಜಿಗೆಗೆ ಅದ್ದುವುದು. ಚೊಂಯ್ ಎಂದು ಸದ್ದಾಗಿ ಹೊಗೆ ಏಳುತ್ತದೆ, ಮಜ್ಜಿಗೆ ಕಪ್ಪಾಗುತ್ತದೆ. ಅಡುಗೆಮನೆಗೆ ಕಾಲಿಡದ ಮಾವ ಈ ಒಂದು ಕೆಲಸಕ್ಕೆ ತಾವೇ ಒಲೆಯ ಮುಂದೆ ಕೂರುತ್ತಿದ್ದರು. ಲೋಟ ಅಮ್ಮನ ಕೈಗೆ ಕೊಟ್ಟು, ಕುಡಿದು ಮುಗಿಸುವವರೆಗೆ ಎದುರಿಗೆ ನಿಲ್ಲುತ್ತಿದ್ದರು. ಸುದ್ದಿ ತಿಳಿದ ನೆಂಟರು ನೋಡಲಿಕ್ಕೆ ಬಂದರು. ಬರಿಗೈಯಲ್ಲಿ ಬರುವುದುಂಟೇ? ಒಬ್ಬೊಬ್ಬರ ಕೈಯಲ್ಲೂ ಒಂದೊಂದು ರಕ್ತವರ್ಧಕ ಟಾನಿಕ್.

ನಾನು ಕೂಗಾಡಿದೆ. "ಮಾವ, ಡಾಕ್ಟರು ತೆಗೆದದ್ದನ್ನೇ ನೀವು ತುಂಬಿಸ್ತಾ ಇದ್ದೀರಿ. ಕಬ್ಬಿಣವೇ ಬೇಡ ಅಂತ ಹೇಳಿದ್ದಾರೆ."

"ರಕ್ತ ಜಾಸ್ತಿ ಆಗಿ ಸತ್ತವರನ್ನು ನೀನು ನೋಡಿದ್ದೀಯಾ?" ಎಂದರು ಮಾವ. "ನಾನು ನೋಡಿಲ್ಲ. ನಿನ್ನ ಪಾಠ ಶಾಲೆಯ ಮಕ್ಕಳಿಗೆ ಮಾಡು."

ಅಮ್ಮನನ್ನು ಒಳಗೆ ಕರೆದು ಬೈದೆ. "ಕುಡಿಯುವುದಿಲ್ಲ ಅಂತ ಹೇಳ್ಲಿಕ್ಕೆ ನಿನಗೆ ಬಾಯಿಲ್ಲವಾ?"

"ಅಣ್ಣ ಕೈಯಾರೆ ಮಾಡಿ ತರುವುದು. ಬೇಡ ಅಂತ ಹೇಗೆ ಹೇಳುವುದು?" ಎಂದಳು. ಅವಳ ಮೇಲೂ ನನಗೆ ಸಿಟ್ಟು ಬಂತು. ಇಂದಿಗೂ ಪೂರ್ತಿ ಇಳಿದಿಲ್ಲ.

ಎರಡನೆಯ ಸಲ ಹೋದಾಗ ಡಾಕ್ಟರು ಪರೀಕ್ಷೆ ಮಾಡಿ ಹಣೆ ಗಂಟಿಕ್ಕಿದರು. ರಕ್ತ ಮೊದಲಿಗಿಂತಲೂ ದಪ್ಪವಾಗಿತ್ತು. "ಹೇಳಿದ್ದು ಅರ್ಥ ಆಗಲಿಲ್ವಾ ನಿಮಗೆ?" ಎಂದು ಅಮ್ಮನಿಗೆ ಗದರಿದರು. ಅವಳು ತಲೆ ತಗ್ಗಿಸಿ ಕೂತಳು, ಅಣ್ಣನ ಹೆಸರೆತ್ತಲಿಲ್ಲ. ನಾನು ಬಾಯಿ ತೆರೆದರೆ ನನ್ನ ಕಾಲು ಒತ್ತಿದಳು. ಕಬ್ಬಿಣ ಕಾಯಿಸಿದವರು ಜಗಲಿಯಲ್ಲಿ ಎಲೆ ಅಡಿಕೆ ಹಾಕಿಕೊಂಡು ಕೂತಿದ್ದರು, ಬೈಗಳು ತಿಂದವಳು ಇವಳು.

ಅಂದು ಇನ್ನೊಂದು ಬಾಟಲಿ ತೆಗೆದರು. ಅದನ್ನು ಕೇಳಿದ ಮಾವ ಮತ್ತೆ ಆಸ್ಪತ್ರೆಯ ಮಾತೆತ್ತಬಾರದು ಎಂದು ಅಪ್ಪಣೆ ಮಾಡಿದರು. ಮನೆಗೆ ಒಬ್ಬ ಪಂಡಿತರನ್ನು ಕರೆಸಿದರು. ಪಂಡಿತರು ಮಡಕೆಯಲ್ಲಿ ಜಿಗಣೆ ತಂದು ಅಮ್ಮನ ಕಾಲಿಗೆ ಬಿಟ್ಟರು. ಇದಕ್ಕೆ ಮಾವನ ಅಡ್ಡಿಯಿರಲಿಲ್ಲ. ಜಿಗಣೆ ಕೆಟ್ಟ ರಕ್ತವನ್ನು ಮಾತ್ರ ಆರಿಸಿ ಕುಡಿಯುತ್ತದಂತೆ, ಸೂಜಿಗೆ ಆ ವಿವೇಕ ಇಲ್ಲವಂತೆ. ಬಾಟಲಿ ತೆಗೆಯಬೇಕಾದಲ್ಲಿ ಜಿಗಣೆ ಕುಡಿದದ್ದು ಕೆಲವು ಚಮಚ. ಕಾಲಿನಲ್ಲಿ ಜಿಗಣೆ, ಕೈಯಲ್ಲಿ ಕಬ್ಬಿಣದ ಮಜ್ಜಿಗೆ, ಹಾಗೆ ಕೂರಿಸಿದ್ದರು ನನ್ನ ಅಮ್ಮನನ್ನು. ಒಂದು ಶನಿವಾರ ಮನೆಗೆ ಬಂದಾಗ ಇದನ್ನು ಕಂಡು ನನಗೆ ನಗು ಬಂತು. ಎಂಥ ನಗು ಎಂದು ಹೇಳಲಾರೆ.

ಆಮೇಲೆ ಹೆಚ್ಚು ಕಾಲ ಹಿಡಿಯಲಿಲ್ಲ. ಒಂದು ಬೆಳಿಗ್ಗೆ ಗಂಜಿ ಬಡಿಸುತ್ತಿದ್ದವಳ ಕೈಯಿಂದ ಸೌಟು ಬಿತ್ತು. ಬಾಯಿ ಒಂದು ಕಡೆಗೆ ವಾಲಿತು. ಬಲಗೈ, ಬಲಗಾಲು ಹೋಯಿತು, ಮಾತೂ ಹೋಯಿತು. ಡಾಕ್ಟರು ಹೇಳಿದ್ದು ಇದನ್ನೇ. ನಾನು ಓಡಿ ಬಂದಾಗ ಮಾವ ಅವಳ ಮಂಚದ ಪಕ್ಕ ಅಳುತ್ತಿದ್ದರು. "ಎರಡು ಬಾಟ್ಲಿ ರಕ್ತ ತೆಗೆಸಿದೆಯಲ್ಲ, ನೋಡು ಈಗ" ಎಂದರು ನನಗೆ. ಅಳು ಸುಳ್ಳಲ್ಲ. ಅದೇ ನನ್ನ ಹೊಟ್ಟೆ ಉರಿಸಿದ್ದು. ಕೆಟ್ಟ ಮನುಷ್ಯನಾಗಿದ್ದರೆ ಶಾಪ ಹಾಕಿ ಸುಮ್ಮನಾಗಬಹುದಿತ್ತು.

ಮಧ್ಯಾಹ್ನ ಮತ್ತೆ ಲೋಟ ಬಂತು. ಮಾವ ಅಮ್ಮನ ತಲೆ ಎತ್ತಿ ಹಿಡಿದು ಬಾಯಿಯ ಹತ್ತಿರ ತಂದರು. ಅಮ್ಮ ಎಡಗೈ ಎತ್ತಿದಳು. ನಿಧಾನವಾಗಿ, ಬೇಕೆಂದೇ, ಲೋಟವನ್ನು ನೂಕಿದಳು. ಮಜ್ಜಿಗೆ ಮಾವನ ಪಂಚೆಯ ಮೇಲೆ ಚೆಲ್ಲಿತು. ಅಣ್ಣನಿಗೆ ಅವಳು ಬೇಡ ಎಂದದ್ದು ಜೀವಮಾನದಲ್ಲಿ ಅದೊಂದೇ ಸಲ. ಅವಳ ಕಣ್ಣು ನನ್ನ ಮೇಲಿತ್ತು.

"ಪಾಪ, ಅವಳಿಗೆ ಈಗ ಏನೂ ಗೊತ್ತಾಗುವುದಿಲ್ಲ" ಎಂದರು ಮಾವ. ಇನ್ನೊಂದು ಲೋಟ ಮಾಡಿಸಿ ಚಮಚದಲ್ಲಿ ಕುಡಿಸಿದರು. ಆ ವಾರವೇ ಅಮ್ಮ ಹೋದಳು.

ಬೊಜ್ಜದ ದಿನ, ಅಂದರೆ ಉತ್ತರಕ್ರಿಯೆಯ ದಿನ, ಹೋದವರಿಗೆ ಇಷ್ಟವಾದದ್ದನ್ನೆಲ್ಲ ಬಾಳೆಲೆಯಲ್ಲಿ ಬಡಿಸಿಡುವುದು ನಮ್ಮ ಕ್ರಮ. ಅಮ್ಮನ ಎಲೆಗೆ ಕೋಳಿಸಾರು, ಕೊಟ್ಟೆಕಡುಬು, ಪಾಯಸ ಎಲ್ಲ ಬಂತು. ಕೊನೆಗೆ ಅಡುಗೆಮನೆಯಿಂದ ಚೊಂಯ್ ಎಂಬ ಸದ್ದು ಕೇಳಿತು. ಮಾವ ಎರಡೂ ಕೈಯಲ್ಲಿ ಲೋಟ ಹಿಡಿದು ಬಂದು ಎಲೆಯ ಬದಿಯಲ್ಲಿಟ್ಟರು. "ದಿನಾ ಕುಡೀತಿದ್ದಳು" ಎಂದು ಕಣ್ಣೊರೆಸಿಕೊಂಡರು.

ನಾನು ಎದ್ದು ಹೋಗಿ ಎಡಗೈಯಿಂದ ಲೋಟವನ್ನು ಉರುಳಿಸಿದೆ. ನೆರೆದವರೆಲ್ಲ ನೋಡುತ್ತಿದ್ದರು.

"ನನಗೆ ಎಲ್ಲ ಗೊತ್ತಾಗ್ತದೆ ಮಾವ" ಎಂದೆ.