ಅವ್ವ ಕೊನೆಗೆ ಹರಿಯುತ್ತಿದ್ದ ಪುಸ್ತಕಗಳು

ನಾನು ಓದುತ್ತಿದ್ದ ಪುಸ್ತಕವನ್ನು ಅವ್ವ ಕಣ್ಣೆದುರೇ ಹರಿದುಹಾಕಿದಂತೆ ಕೆಟ್ಟ ಕನಸು ಬಿತ್ತು. ನಿನ್ನೆ ಮೊಮ್ಮಗಳ ಗಾಳಿಪಟಕ್ಕೆ ಮೈದಾ ಅಂಟು ಕುದಿಸಿದ್ದೆ, ಆ ವಾಸನೆಯೇ ಕಾರಣವಿರಬೇಕು.

ಶಹಾಬಾದಿನಲ್ಲಿ ಅವ್ವ ರದ್ದಿ ಪುಸ್ತಕ ಹರಿದು, ಅದೇ ಮೈದಾ ಅಂಟಿನಿಂದ ಕಿರಾಣಿ ಅಂಗಡಿಗೆ ಕಾಗದದ ಚೀಲ ಅಂಟಿಸಿ ಕೊಡುತ್ತಿದ್ದಳು. ಅರ್ಧಕ್ಕೇ ಶಾಲೆ ಬಿಟ್ಟ ನಾನು ಪಕ್ಕದಲ್ಲಿ ಕುಳಿತು ಪತ್ತೇದಾರಿ ಕಥೆ, ನಾಟಕ, ದನಗಳ ಔಷಧಿ, ಕೈಗೆ ಸಿಕ್ಕಿದ್ದನ್ನೆಲ್ಲ ಓದುತ್ತಿದ್ದೆ.

"ಯವ್ವಾ, ಇದನ್ನ ಹರೀಬ್ಯಾಡ. ಖೂನಿ ಮಾಡಿದಾವ ಇನ್ನಾ ಸಿಕ್ಕಿಲ್ಲ."

"ಲಗೂನ ಹಿಡಿ ಅವನಿಗಿ. ಸಾವ್ಕಾರ ಚೀಲ ಕೇಳಾಕತ್ತಾನ!"

ಅವ್ವ ಯಾವಾಗಲೂ ಕಾನೂನು, ಗಣಿತದ ಪುಸ್ತಕಗಳನ್ನು ಮೊದಲು ಹರಿದು, ಕಥೆಗಳನ್ನು ನನಗಾಗಿ ಕೊನೆಗೆ ಉಳಿಸುತ್ತಿದ್ದಳು. ರಟ್ಟು ಕಿತ್ತುಹೋದ, ಒಂದು ಚಿತ್ರವೂ ಇಲ್ಲದ ಪುಸ್ತಕಗಳಲ್ಲಿ ಕಥೆ ಯಾವುದೆಂದು ಅವಳಿಗೆ ಹೇಗೆ ಗೊತ್ತಾಗುತ್ತಿತ್ತೋ! ಇಷ್ಟು ವರ್ಷ ನನಗದು ಹೊಳೆಯಲೇ ಇಲ್ಲ. ನಮ್ಮವ್ವನಿಗೆ ಅಕ್ಷರ ಬರುವುದಿಲ್ಲವೆಂದು ಓಣಿಗೆಲ್ಲ ಹೇಳಿಕೊಂಡು ತಿರುಗಿದವಳು ನಾನು. ಒಂದು ದಿನವಾದರೂ ಪುಸ್ತಕ ಅವಳ ಕೈಗಿಟ್ಟು, "ನೀನೂ ಓದು" ಎನ್ನಲಿಲ್ಲ.

ಈಗ ಕೇಳೋಣವೆಂದರೆ ಅವ್ವ ಇಲ್ಲ. ಸೇಡಂನಲ್ಲಿರುವ ನಮ್ಮಕ್ಕ ಇದನ್ನು ಓದುತ್ತಾಳೆ. ಅಕ್ಕಾ, ಸರಿಯಾಗಿ ನೆನಪು ಮಾಡಿ ಹೇಳು: ಅವ್ವನಿಗೆ ಓದಲು ಬರುವುದಿಲ್ಲವೆಂದು ನಮಗೆ ಹೇಳಿದ್ದು ಯಾರು?